ಹಾಲವ್ವನ ಹತ್ತು ಕೋಣೆಗಳು

ಹಳೆಯ ಬಣ್ಣ ಕೆರೆಯದೆ ಗೋಡೆಯ ಮೇಲೆ ಹೊಸ ಬಣ್ಣ ನಿಲ್ಲುವುದಿಲ್ಲ. ಇದು ಸ್ವಂತ ಮನೆಯವರಿಗೂ ಗೊತ್ತು, ಬಾಡಿಗೆ ಮನೆಯವರಿಗೂ ಗೊತ್ತು. ಮುಂಬಯಿಯಲ್ಲಿ ಆ ಕೆರೆಯುವ ಕೆಲಸಕ್ಕೆ ಹಚ್ಚುವುದು ಹೆಂಗಸರನ್ನು. ಇದು ಮಾತ್ರ ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುತ್ತೇವೆ. ಬಣ್ಣ ಬಳಿಯುವವನಿಗೆ ಪೇಂಟರ್ ಎಂಬ ಹೆಸರಿದೆ. ಬಳಿಸುವವನಿಗೆ ಕಾಂಟ್ರಾಕ್ಟರ್ ಎಂಬ ಬೋರ್ಡಿದೆ. ಕೆರೆಯುವವಳಿಗೆ ತಲೆಗೆ ಕಟ್ಟಿಕೊಳ್ಳಲು ಒಂದು ಹಳೆಯ ಟವೆಲ್ಲಿದೆ.

ಹಾಲವ್ವ ಮೂವತ್ತೊಂದು ವರ್ಷ ಕೆರೆಯುತ್ತ ಬಂದವಳು. ಯಾದಗಿರಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಆಂಟಾಪ್ ಹಿಲ್‌ನ ಚಾಳಿನ ಒಂದೇ ಖೋಲಿಯಲ್ಲಿ ಮಗಳು ನಾಗರತ್ನಾಳ ಜೊತೆ ಇರುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಕೂಲಿಯವರನ್ನು ಕೂಡಿಸಿ ಕೆಲಸ ಹಿಡಿಯುವ ಮುಕಾದಮ ಸಿದ್ದರಾಮಪ್ಪನ ಗುಂಪಿನೊಂದಿಗೆ ಯಾವುದೋ ಬಿಲ್ಡಿಂಗಿನ ಮೆಟ್ಟಿಲು ಹತ್ತಿದರೆ, ಸಂಜೆ ಇಳಿಯುವ ಹೊತ್ತಿಗೆ ಅವಳ ರೆಪ್ಪೆಗೂದಲು ಕೂಡ ಆ ಮನೆಯ ಗೋಡೆಯ ಬಣ್ಣಕ್ಕೆ ತಿರುಗಿರುತ್ತಿತ್ತು. ಮನೆಯವರು ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿ, ನಾಯಿಯನ್ನು ನೆಂಟರ ಮನೆಗೆ ಕಳಿಸಿ, "ಧೂಳು ತಡೆಯೋಕಾಗಲ್ಲ" ಎಂದು ತಾವೂ ಹೊರಡುತ್ತಾರೆ. ಸೋಫಾ ಉಳಿಯುತ್ತದೆ, ನಾಯಿಯೂ ಉಳಿಯುತ್ತದೆ. ಧೂಳು ಎಲ್ಲಿಗೆ ಹೋಯಿತು ಎಂದು ತಿಳಿಯಬೇಕಾದವರು ಹಾಲವ್ವ ಕೆಮ್ಮುವಾಗ ಹತ್ತಿರ ನಿಲ್ಲಬೇಕು.

ಹಳೆಯ ಬಿಲ್ಡಿಂಗುಗಳಲ್ಲಿ ಬಣ್ಣ ಪುಡಿಯಾಗಿ ಉದುರುವುದಿಲ್ಲ, ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಏಳೆಂಟು ಪದರ ಒಂದಕ್ಕೊಂದು ಕಚ್ಚಿಕೊಂಡು ಬಿಸ್ಕತ್ತಿನಷ್ಟು ದಪ್ಪವಾಗಿರುತ್ತವೆ. ತಳದಲ್ಲಿ ನೀಲಿ ಬೆರೆಸಿದ ಸುಣ್ಣ, ಅದರ ಮೇಲೆ ಗುಲಾಬಿ ಡಿಸ್ಟೆಂಪರ್, ಆಮೇಲೆ ಯಾರದೋ ಮದುವೆಗೆ ಬಳಿದ ಹಸಿರು ಆಯಿಲ್ ಪೇಂಟ್, ಕೊನೆಗೆ ಎಲ್ಲರೂ ಬಳಿಸುವ ಆ ಬೂದು ಬಿಳಿ. ಹದಿನಾಲ್ಕು ವರ್ಷದ ಹಿಂದೆ ಮಾಟುಂಗಾದ ಒಂದು ಮನೆಯಲ್ಲಿ ಕಪಾಟು ಸರಿಸಿದಾಗ ಹಾಲವ್ವನಿಗೆ ಗುಲಾಬಿ ಪದರದ ಮೇಲೆ ಪೆನ್ಸಿಲ್ ಗೆರೆಗಳು ಸಿಕ್ಕವು. ಒಂದರ ಮೇಲೊಂದು ಏಳು ಗೆರೆ. ಯಾವುದೋ ಮಗುವನ್ನು ವರ್ಷವರ್ಷ ಗೋಡೆಗೆ ನಿಲ್ಲಿಸಿ ಎತ್ತರ ಅಳೆದದ್ದು. ಎಂಟನೆಯ ಗೆರೆ ಇರಲಿಲ್ಲ. ಕೆರೆಯದೆ ಬಿಡುವಂತಿರಲಿಲ್ಲ. ಕೆರೆದಳು. ಆದರೆ ಆ ಹಕ್ಕಳೆಯನ್ನು ಕಸದ ಗೋಣಿಗೆ ಹಾಕಲಿಲ್ಲ, ಹಾಲಿನ ಖಾಲಿ ಪಾಕೀಟಿನಲ್ಲಿಟ್ಟು ಮನೆಗೆ ತಂದಳು. ಬಡಗಿಗಳು ಬಿಸಾಡಿದ ಪ್ಲೈ ತುಂಡಿನ ಮೇಲೆ ಅಂಟು ಹಚ್ಚಿ, ಆ ಗೋಡೆಯನ್ನು ತಾನು ಮೊದಲ ದಿನ ಹೇಗೆ ಕಂಡಿದ್ದಳೋ ಹಾಗೇ ಕೂಡಿಸಿದಳು.

ಅಲ್ಲಿಂದ ಶುರುವಾಯಿತು. ಅವಳ ಚಿತ್ರಗಳಲ್ಲಿ ಮನುಷ್ಯರಿಲ್ಲ, ಮನುಷ್ಯರು ಗೋಡೆಗೆ ಬಿಟ್ಟುಹೋದದ್ದಿದೆ. ಇಪ್ಪತ್ತು ವರ್ಷ ಕ್ಯಾಲೆಂಡರ್ ತೂಗಿ ಅದರ ಹಿಂದೆ ಉಳಿದ ತಿಳಿ ಚೌಕ, ದೇವರ ದೀಪದ ಮಸಿ, ಪರೇಲಿನ ಒಂದು ಖೋಲಿಯಲ್ಲಿ ಮುದುಕನೊಬ್ಬ ಮಲಗಿದಲ್ಲೇ ತಲೆ ಆನಿಸಿ ಆನಿಸಿ ಮೂಡಿದ ಎಣ್ಣೆಯ ವೃತ್ತ. ಒಂದು ಕೋಣೆಯ ಚಿತ್ರಕ್ಕೆ ಆ ಕೋಣೆಯ ಹಕ್ಕಳೆ ಮಾತ್ರ. ಬೇರೆ ಮನೆಯದು ಬೆರೆಸುವಂತಿಲ್ಲ. ಹೀಗೆ ಮೂವತ್ತನಾಲ್ಕು ಕೋಣೆಗಳು ಅವಳ ಒಂದು ಖೋಲಿಯ ಮಂಚದ ಕೆಳಗೆ ಒರಗಿದ್ದವು.

ಅವಳಿಗೊಂದು ಆಸೆಯಿತ್ತು. ದೊಡ್ಡದಲ್ಲ. ಈ ಊರಿನಲ್ಲಿ ಒಂದು ಗೋಡೆಯ ಮುಂದೆ ನಿಂತು "ಇದು ನಂದು, ನಾ ಮಾಡಿದ್ದು" ಎನ್ನಬೇಕು. ಸಾವಿರಾರು ಗೋಡೆ ಮುಟ್ಟಿದವಳಿಗೆ ಅದೊಂದು ಸಿಕ್ಕಿರಲಿಲ್ಲ.

ದಾರಿ ತೋರಿಸಿದವಳು ನಾಗರತ್ನಾ. ಸಾಯನ್ನಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅವಳ ಕೆಲಸ. ಆರ್ಟ್ ಕಾಲೇಜಿನ ಹುಡುಗಿಯೊಬ್ಬಳು ಪ್ರಿಂಟ್ ತೆಗೆಸಿ ಬಿಟ್ಟುಹೋದ ಹಾಳೆಗಳನ್ನು ಓದಿದವಳೇ ಸಂಜೆ ಓಡಿಬಂದಳು. ಬಾಂದ್ರಾದಲ್ಲಿ ನಾಲ್ಕು ದಿನದ ಕಲಾಮೇಳ. ಶಾಲೆ ಕಾಲೇಜಿನಲ್ಲಿ ಕಲಿಯದೆ ತಾವೇ ಕಲಿತವರಿಗೆಂದು ಮೂರು ಸ್ಟಾಲ್ ಪುಕ್ಕಟೆ. ಅರ್ಜಿ ಹಾಕಬೇಕು.

"ಅವ್ವಾ, ತೇರಾ ನಾಮ್ ಲಗೇಗಾ! ಸ್ಟಾಲ್ ಮ್ಯಾಲ. ಬಡಾ ಬಡಾ ಅಕ್ಷರದಾಗ."

"ನಂದು? ನನಗ ಓದಾಕ ಬರಂಗಿಲ್ಲ, ಅದು ನನ್ನ ಹೆಸರಂತ ನನಗ ಹೆಂಗ ತಿಳೀಬೇಕು?"

"ನಾ ಓದ್ತೀನಲ್ಲ, ಪಾಗಲ್."

ಆಗ ಗುಂಪು ಕೆಲಸ ಮಾಡುತ್ತಿದ್ದದ್ದು ಬಾಂದ್ರಾದಲ್ಲಿ, ಸ್ನೇಹಲ್ ಎಂಬಾಕೆಯ ಫ್ಲ್ಯಾಟಿನಲ್ಲಿ. ಆಕೆಯ ಅಜ್ಜಿ ಬೆಳಗಾವಿಯವರಂತೆ, ಹಾಗಾಗಿ ಹರಕುಮುರುಕು ಕನ್ನಡ. ಚಿತ್ರಕಲೆ ಓದಿದವಳು, ಎರಡು ವರ್ಷ ಇದೇ ಮೇಳಕ್ಕೆ ಅರ್ಜಿ ಹಾಕಿ ಎರಡು ಸಲವೂ ತಿರಸ್ಕೃತಳಾದವಳು. ಹಾಲವ್ವ ಹಕ್ಕಳೆ ಆರಿಸಿ ಪಾಕೀಟಿಗೆ ತುಂಬುವುದನ್ನು ನೋಡಿ ಕೇಳಿದಳು:

"ಯಾಕೆ ಇದು ಇಟ್ಟುಕೊಂಡದ್ದು ನೀನು? ಕಚರಾ ಅಲ್ಲವಾ?"

"ಮಂದಿ ಹೋದ ಮ್ಯಾಲ ಗ್ವಾಡಿ ಒಂದೇ ಉಳೀತದರೀ. ಅದನ್ನೂ ನಾನೇ ಕೆರೀತೀನಿ. ಒಂದೀಟು ಇಟ್ಕೋಬ್ಯಾಡೇನು?"

ಮಾತಿಗೆ ಮಾತು ಬಂದು ಚಿತ್ರಗಳ, ಮೇಳದ ಸಂಗತಿ ತಿಳಿದ ಸ್ನೇಹಲ್ ಮರುದಿನ ಆಂಟಾಪ್ ಹಿಲ್‌ಗೆ ಬಂದಳು. ಮಂಚದ ಕೆಳಗಿನಿಂದ ಒಂದೊಂದೇ ಕೋಣೆಯನ್ನು ಎಳೆದು ನೋಡುತ್ತ ಎರಡು ಗಂಟೆ ನೆಲದ ಮೇಲೇ ಕೂತಳು. ಕಣ್ಣಲ್ಲಿ ನೀರು ಬಂತು. ಅದು ನಾಟಕವಲ್ಲ, ನಿಜವಾದ ನೀರೇ. ಕಳ್ಳರು ಅಳುವುದಿಲ್ಲ ಎಂದು ನಂಬಿದವರಿಗೆ ಇದನ್ನು ಒತ್ತಿ ಹೇಳಬೇಕು.

"ಅರ್ಜಿ ನಾನು ಮಾಡಿಕೊಡುತ್ತೇನೆ," ಎಂದಳು.

ಮಾಡಿಕೊಟ್ಟಳು ಕೂಡ. ಹದಿನೈದು ದಿನ ಪಟ್ಟು ಹಿಡಿದು ಕೂತಳು, ಅಷ್ಟು ಚೊಕ್ಕವಾಗಿ ಆ ಕೆಲಸ ಬರುತ್ತಿತ್ತು ಆಕೆಗೆ. ನಾಗರತ್ನಾ ಫೋನಿನಲ್ಲಿ ತೆಗೆದಿದ್ದ ಫೋಟೋಗಳಲ್ಲಿ ಚಿತ್ರದ ಹಿಂದೆ ಕುಕ್ಕರು, ಒಗೆದ ಬಟ್ಟೆ, ಪಕ್ಕದ ಮನೆಯ ಬೆಕ್ಕು ಎಲ್ಲ ಇದ್ದವು. ಸ್ನೇಹಲ್ ಅವನ್ನು ಅಳಿಸಿ, ಬೆಳಿಗ್ಗೆ ಹತ್ತರ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಬಿಳಿ ಹಲಗೆಗೆ ಒರಗಿಸಿ ಮತ್ತೆ ತೆಗೆದಳು. ಪದರ ಪದರವೂ ಕಾಣುವಂತೆ ಹತ್ತಿರದಿಂದ ಒಂದೊಂದು. ಮೂವತ್ತನಾಲ್ಕರಲ್ಲಿ ಹತ್ತನ್ನು ಆರಿಸಬೇಕಿತ್ತು.

"ಚಲೋ ಇದ್ದ ಹತ್ತು ಅಲ್ಲ," ಎಂದಳು. "ಹತ್ತೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣಬೇಕು. ಜ್ಯೂರಿಯವರು ಒಬ್ಬರ ಅರ್ಜಿಗೆ ಎರಡು ನಿಮಿಷ ಕೊಡುತ್ತಾರೆ, ಬಸ್."

ಕಲಾವಿದರ ಮಾತು ಎಂದು ಇನ್ನೂರು ಪದ ಬೇಕಿತ್ತು. ನಾಗರತ್ನಾ ಬರೆದಿದ್ದಳು: ನನ್ನ ತಾಯಿ ತುಂಬಾ ಕಷ್ಟಜೀವಿ, ಸರಳ ಸ್ವಭಾವದವರು. ಸ್ನೇಹಲ್ ಓದಿ ನಕ್ಕಳು. "ಇದು ಹುಡುಗಿ ನೋಡೋಕೆ ಬಂದವರಿಗೆ ಹೇಳೋದು. ಬಡತನ ಬೇಡ. ಏನು ಮಾಡುತ್ತಾಳೆ, ಯಾಕೆ ಮಾಡುತ್ತಾಳೆ, ಅದು ಬೇಕು." ಆಮೇಲೆ ಹಾಲವ್ವನನ್ನು ಎದುರಿಗೆ ಕೂರಿಸಿ, ಒಂದೊಂದು ಕೋಣೆಯ ಕಥೆಯನ್ನೂ ಕೇಳಿ ರೆಕಾರ್ಡ್ ಮಾಡಿಕೊಂಡಳು. ಏಳು ಗೆರೆಯ ಮಗು, ಎಣ್ಣೆಯ ವೃತ್ತದ ಮುದುಕ, ಕ್ಯಾಲೆಂಡರಿನ ಚೌಕ. ಹಾಲವ್ವ ಮೂವತ್ತೊಂದು ವರ್ಷದಲ್ಲಿ ಇಷ್ಟು ಮಾತಾಡಿರಲಿಲ್ಲ. ಯಾರೂ ಕೇಳಿರಲಿಲ್ಲ.

ಹಿಂದಿನ ಪ್ರದರ್ಶನಗಳು ಎಂಬ ಹಾಳೆ ಖಾಲಿ ಉಳಿಯಿತು. ಅಲ್ಲಿ ಸ್ನೇಹಲ್ ಮಾಡಿದ್ದು ಜಾಣತನ. ಹಾಲವ್ವ ಕೆರೆದ ಬಿಲ್ಡಿಂಗುಗಳ ಹೆಸರನ್ನೇ ವರ್ಷದ ಪ್ರಕಾರ ಬರೆಸಿದಳು. ದಹಿಸರ್‌ನಿಂದ ಪರೇಲಿನವರೆಗೆ ನೂರಾ ಹನ್ನೆರಡು ಬಿಲ್ಡಿಂಗು ನಾಲಿಗೆಯ ತುದಿಯಲ್ಲಿದ್ದವು. ಇಡೀ ಅರ್ಜಿಯಲ್ಲಿ ಅದಕ್ಕಿಂತ ಗಟ್ಟಿಯಾದ ಪುಟ ಇರಲಿಲ್ಲ. ಕೊನೆಯ ಸಾಲಿನಲ್ಲಿ "ಈ ಕೃತಿಗಳನ್ನು ನನ್ನ ಕೈಯಾರೆ ಮಾಡಿದ್ದೇನೆ" ಎಂದಿತ್ತು. ಹಾಲವ್ವ ಹೆಬ್ಬೆಟ್ಟು ಒತ್ತಿದಳು. ಅರ್ಜಿ ಹೋಯಿತು.

ಮೂರು ವಾರದ ಮೇಲೆ ಸುದ್ದಿ ಬಂತು. ಕೊನೆಯ ಸುತ್ತಿಗೆ ಆರು ಜನ, ಅದರಲ್ಲಿ ಹಾಲವ್ವ ಒಬ್ಬಳು. ಜ್ಯೂರಿಯವರು ವೀಡಿಯೋ ಕಾಲ್ ಮಾಡಿ ಕಲಾವಿದರ ಜೊತೆ ಮಾತಾಡುತ್ತಾರೆ. ನಾಗರತ್ನಾಳಿಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ. ಹಾಲವ್ವ ಸ್ನೇಹಲ್‌ಳ ಫ್ಲ್ಯಾಟಿನಲ್ಲಿ ಉಳಿದಿದ್ದ ಕೊನೆಯ ಕೋಣೆ ಕೆರೆಯುತ್ತಿದ್ದವಳು ಸೀರೆ ಝಾಡಿಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಬಂದಳು. ಕೂರು ಎಂದರೆ ಕೂರಲಿಲ್ಲ. ಮನೆಯ ಒಡೆಯರ ಕುರ್ಚಿಯ ಮೇಲೆ ಕೂತು ಅಭ್ಯಾಸವಿರಲಿಲ್ಲ.

ಇಲ್ಲಿ ಈ ದಂಧೆಯ ಒಂದು ರಿವಾಜು ಹೇಳಬೇಕು. ಗೋಡೆ ಕೆಲಸದಲ್ಲಿ ಮನೆಯ ಒಡೆಯರಿಗೆ ಪಾರ್ಟಿ ಎನ್ನುತ್ತಾರೆ. ಪಾರ್ಟಿ ಬಂದು ಗೋಡೆ ಮುಟ್ಟಿ "ಯಾರು ಮಾಡಿದ್ದು?" ಎಂದು ಕೇಳಿದರೆ ಕೆಲಸಗಾರರ ಬಾಯಲ್ಲಿ ಬರಬೇಕಾದದ್ದು ಒಂದೇ ಉತ್ತರ: "ಮುಕಾದಮರು." ನಾನು ಎಂದರೆ ಮುಕಾದಮನ ಗಿರಾಕಿಯನ್ನು ಕದಿಯಲು ನಿಂತಿದ್ದೀಯ ಎಂದರ್ಥ. ಗುಂಪಿನಲ್ಲಿದ್ದ ಸೋಮವ್ವ ಎಂಬಾಕೆ ಒಮ್ಮೆ ಖುಷಿಯಲ್ಲಿ "ನಾನೇ ಬಾಯೀ" ಎಂದುಬಿಟ್ಟಿದ್ದಳು. ಸಿದ್ದರಾಮಪ್ಪ ಅವಳನ್ನು ಅರ್ಧ ದಿನಕ್ಕೇ ಮೆಟ್ಟಿಲು ಇಳಿಸಿದ. ಬೇರೆ ಯಾವ ಮುಕಾದಮನೂ ಅವಳನ್ನು ಹತ್ತಿಸಲಿಲ್ಲ. ಹಾಲವ್ವನಿಗೆ ಇದು ಅಂಜಿಕೆಯೂ ಹೌದು, ಮರ್ಯಾದೆಯೂ ಹೌದು. ಕೆಲಸ ಕೊಟ್ಟವರ ಹೆಸರು ಮುಂದೆ ಮಾಡುವುದು ಒಳ್ಳೆಯ ಮನೆತನದ ಲಕ್ಷಣ ಎಂದು ಅವಳು ನಂಬಿದ್ದಳು.

ಪರದೆಯ ಮೇಲೆ ಮೂವರು ಕಂಡರು. ಇಸ್ತ್ರಿ ಬಟ್ಟೆ, ತಣ್ಣನೆಯ ಮುಖ. ಥೇಟ್ ಪಾರ್ಟಿಗಳೇ. ಅವರಲ್ಲೊಬ್ಬರು ಪ್ರೀತಿಯಿಂದಲೇ, ಇದನ್ನೆಲ್ಲ ಯಾರು ಮಾಡಿದ್ದು ಎಂದು ಹಿಂದಿಯಲ್ಲಿ ಕೇಳಿದರು:

"ಬಹುತ್ ಸುಂದರ್ ಹೈ. ಯೇ ಸಬ್ ಕಿಸ್ನೇ ಬನಾಯಾ?"

ಹಾಲವ್ವ ಕೈ ಮುಗಿದಳು. "ಮೇಡಮ್ ನೇ," ಎಂದಳು. ಪಕ್ಕದಲ್ಲಿದ್ದ ಸ್ನೇಹಲ್‌ಳತ್ತ ಕೈ ತೋರಿಸಿದಳು. "ಸಬ್ ಮೇಡಮ್ ಕಾ ಹೈ."

ಮೂವರೂ ಮುಂದಿದ್ದ ಅರ್ಜಿಯ ಹಾಳೆ ತಿರುವಿದರು.

ಆಮೇಲೆ ಜ್ಯೂರಿಯವರು ಇಂಗ್ಲಿಷಿಗೆ ತಿರುಗಿದರು. ಹಾಗಾದರೆ ಕಲಾವಿದೆ ನೀವು, ಇವರು ನಿಮ್ಮ ಕೆಲಸಗಾರ್ತಿ, ಸರಿಯೇ? ಅರ್ಜಿಯಲ್ಲಿ ತಪ್ಪಾಗಿದೆಯಲ್ಲ. ಸಂಜೆ ಆರರೊಳಗೆ ತಿದ್ದದಿದ್ದರೆ ಅರ್ಜಿ ರದ್ದು.

ಸ್ನೇಹಲ್ ಬಾಯಿ ತೆರೆದಳು. "ಇಲ್ಲ" ಎನ್ನಲಿಕ್ಕೇ ತೆರೆದದ್ದು ಎಂದು ಇಟ್ಟುಕೊಳ್ಳೋಣ. ಪಕ್ಕದಲ್ಲಿ ಹಾಲವ್ವ ಇನ್ನೂ ಕೈ ಮುಗಿದೇ ನಿಂತಿದ್ದಳು, ತಾನು ಸರಿಯಾಗಿ ನಡೆದುಕೊಂಡೆ ಎಂಬ ಸಮಾಧಾನದ ಮುಖ. ಸ್ನೇಹಲ್ ಆ ಮುಖ ನೋಡಿದಳು, ತೆರೆದ ಬಾಯಿ ಮುಚ್ಚಿದಳು, ಮತ್ತೆ ತೆರೆದು ಹೇಳಿದಳು: "ಹೌದು. ಕಲ್ಪನೆ ನನ್ನದು."

ಯಾರೂ ಎರಡನೇ ಸಲ ಕೇಳಲಿಲ್ಲ. ತಾವೇ ಕಲಿತವರ ಸಾಲಿನಿಂದ ಅರ್ಜಿ ಹೊಸ ಪ್ರತಿಭೆಗಳ ಸಾಲಿಗೆ ಹೋಯಿತು. ಹೆಬ್ಬೆಟ್ಟಿನ ಜಾಗದಲ್ಲಿ ಸಹಿ ಬಿತ್ತು. ನೂರಾ ಹನ್ನೆರಡು ಬಿಲ್ಡಿಂಗಿನ ಪುಟ "ಕಲಾವಿದೆ ನಡೆಸಿದ ಕ್ಷೇತ್ರಕಾರ್ಯ" ಆಯಿತು. ಎಲ್ಲ ತಿದ್ದಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅರ್ಜಿ ಅಷ್ಟು ಗಟ್ಟಿಯಾಗಿತ್ತು, ಹೆಸರೊಂದು ಬದಲಾದರೆ ಅದಕ್ಕೇನೂ ಆಗಲಿಲ್ಲ.

ಮನೆಗೆ ಬಂದ ಹಾಲವ್ವ ನಡೆದದ್ದನ್ನು ಸಂತೋಷದಿಂದಲೇ ಹೇಳಿದಳು. ನಾಗರತ್ನಾ ತಟ್ಟೆ ಕೆಳಗಿಟ್ಟಳು.

"ಕ್ಯೂ ಬೋಲೀ ತೂ ಐಸಾ? ಅವ್ವಾ, ನೀ ಮಾಡಿದ್ದು ಅಲ್ಲ ಅದು?"

"ನಾನೇ ಮಾಡಿದ್ದು. ಆದ್ರ ಪಾರ್ಟಿ ಮುಂದ ಹಂಗಂತಾರೇನ? ಮೇಡಮ್ಮಿಗಿ ಗೊತ್ತಲ್ಲ. ಆಕಿ ಸಂಭಾಳಿಸ್ತಾಳ."

ನಾಗರತ್ನಾ ಫೋನ್ ಮಾಡಿದಳು. ಸ್ನೇಹಲ್ ಮೆತ್ತಗೆ ಮಾತಾಡಿದಳು, ನೊಂದವಳಂತೆ ಮಾತಾಡಿದಳು. ತಾನು ತಡೆದಿದ್ದರೆ ಅರ್ಜಿಯೇ ರದ್ದಾಗುತ್ತಿತ್ತು, ಚಿತ್ರಗಳು ಜನರಿಗೆ ತಲುಪುವುದು ಮುಖ್ಯ, ಹೆಸರು ಯಾರದ್ದಾದರೇನು. ನಾಗರತ್ನಾ ದನಿ ಏರಿಸಿದಾಗ ಮೆತ್ತನೆಯದು ಹೋಯಿತು. "ನಿನ್ನ ತಾಯಿ ತಾನೇ ಹೇಳಿದ್ದು. ಜ್ಯೂರಿಯ ಹತ್ತಿರ ರೆಕಾರ್ಡಿಂಗ್ ಇದೆ, ಕೇಳಿ ನೋಡು." ಮೇಳದ ಕಚೇರಿಗೆ ನಾಗರತ್ನಾ ಮೂರು ಮೇಲ್ ಬರೆದಳು. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಮೂರು ಉತ್ತರ ಬಂದವು.

ಸುದ್ದಿ ತಿಳಿದ ಸಿದ್ದರಾಮಪ್ಪ ಬೆನ್ನು ತಟ್ಟಿದ. "ಭೇಷ್ ಹಾಲವ್ವ! ನನ್ನ ಕೈಯಾಗ ಕಲ್ತಾಕಿ ನೀ. ಪಾರ್ಟಿ ಮುಂದ ಹೆಂಗ ಇರಬೇಕಂಬೋದು ಈಗಿನ ಹುಡುಗ್ರಿಗಿ ಎಲ್ಲಿ ತಿಳೀತದ?"

ಹಾಲವ್ವನಿಗೆ ತಾನೇನು ಕಳೆದುಕೊಂಡೆ ಎಂಬುದು ಒಮ್ಮೆಗೇ ತಿಳಿಯಲಿಲ್ಲ, ದಿನಕ್ಕಿಷ್ಟು ತಿಳಿಯಿತು. ಅರ್ಜಿ ಆಯ್ಕೆಯಾಗಿ, ನಾಗರತ್ನಾ ಅಂಗಡಿಯಲ್ಲಿದ್ದ ಹೊತ್ತಿಗೆ ಟೆಂಪೋ ಬಂದು, ಮೇಡಮ್ ಸಂಭಾಳಿಸುತ್ತಾಳೆಂದು ತಾನೇ ಹತ್ತು ಚಿತ್ರ ಎತ್ತಿಕೊಟ್ಟಾಗ ಸ್ವಲ್ಪ, ಮಂಚದ ಕೆಳಗೆ ಜಾಗ ಖಾಲಿಯಾದಾಗ ಇನ್ನು ಸ್ವಲ್ಪ. ನಾಗರತ್ನಾ ಮೇಳದ ಪುಟ ತೆರೆದು ಹತ್ತು ಕೋಣೆಗಳ ಕೆಳಗೂ ಒಂದೇ ಹೆಸರು ಓದಿದ ದಿನ ಪೂರ್ತಿ ತಿಳಿಯಿತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಹೀಗಿತ್ತು: ಆಂಟಾಪ್ ಹಿಲ್‌ನ ಶ್ರಮಿಕ ಮಹಿಳೆಯರ ಸಹಕಾರದೊಂದಿಗೆ.

"ಯಾವ ಮಹಿಳೆಯರು?" ಎಂದಳು ಹಾಲವ್ವ. "ನಾ ಒಬ್ಬಾಕಿನೇ ಇದ್ದೆ."

ಮೇಳದ ಹಿಂದಿನ ದಿನ ಸ್ನೇಹಲ್‌ಳ ಫೋನ್ ಬಂತು. ಸ್ಟಾಲಿನ ಹಲಗೆ ಗೋಡೆಯಲ್ಲಿ ಸಂದು ಕಾಣುತ್ತಿದೆಯಂತೆ, ಪುಟ್ಟಿ ಹಾಕಿ ಉಜ್ಜಿ ಕೊಡಬೇಕಂತೆ. ನಾಗರತ್ನಾ ಬಾಗಿಲಿಗೆ ಅಡ್ಡ ನಿಂತಳು.

"ಅವ್ವಾ, ನಹೀಂ ಜಾನೇಕಾ. ನಾಚಿಕಿ ಇಲ್ಲ ಆಕಿಗಿ?"

"ಆಕಿ ಸಲುವಾಗಿ ಹೊಂಟಿಲ್ಲ. ನನ್ನ ಕೋಣಿ ಹೆಂಗ ತೂಗಹಾಕ್ಯಾರ ನೋಡಿ ಬರ್ತೀನಿ. ಒಂದು ಸಲ ಹೇಳಬೇಕಂತೀನಿ. ಮಂದಿ ಮುಂದ."

ಬೆಳಿಗ್ಗೆ ಆರಕ್ಕೆ ಹೋದಳು. ಬಾಗಿಲಲ್ಲಿ ಮುಂಗೈಗೆ ಹಳದಿ ಪಟ್ಟಿ ಕಟ್ಟಿದರು. ಕೆಲಸದವರದು, ಹನ್ನೊಂದರ ತನಕ ಮಾತ್ರ. ಸಂದು ಮುಚ್ಚಿದಳು, ಉಜ್ಜಿದಳು, ಗೋಡೆ ಕನ್ನಡಿಯಂತಾಯಿತು. ಅದರ ಮೇಲೆ ಅವಳ ಹತ್ತು ಕೋಣೆಗಳು ಏರಿದವು, ಒಂದೊಂದಕ್ಕೂ ಒಂದು ಪುಟ್ಟ ದೀಪ. ಹಾಲವ್ವ ಹಿಂದೆ ಸರಿದು ನಿಂತು ನೋಡಿದಳು. ಚಂದ ಇದ್ದವು. ಇಷ್ಟು ಚಂದ ಇವೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಹತ್ತೂವರೆಗೆ ಆಮಂತ್ರಿತರು ಬಂದರು. ಮುತ್ತಿನ ಸರದ ಒಬ್ಬ ಹಿರಿಯ ಹೆಂಗಸು ಎಣ್ಣೆಯ ವೃತ್ತದ ಮುಂದೆ ಬಹಳ ಹೊತ್ತು ನಿಂತು, ತಿರುಗಿ, ಎದುರಿಗೆ ಕಂಡ ಹಾಲವ್ವನನ್ನೇ ಕೇಳಿದರು. ಕಿಸ್ನೇ ಬನಾಯಾ?

ಮೊಣಕೈವರೆಗೆ ಪುಟ್ಟಿ ಮೆತ್ತಿದ ಕೈಯನ್ನು ಹಾಲವ್ವ ಎದೆಯ ಮೇಲಿಟ್ಟುಕೊಂಡಳು.

"ಮೈನೇ," ನಾನೇ, ಎಂದಳು. ಹತ್ತನ್ನೂ ತೋರಿಸಿದಳು. "ಯೇ ಭೀ ಮೈನೇ. ವೋ ಭೀ ಮೈನೇ."

ಸುತ್ತಲಿನವರು ತಿರುಗಿದರು. ಸ್ನೇಹಲ್ ಓಡಿಬಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪುಟ್ಟಿ ಸೀರೆಗೆ ತಾಗುವುದನ್ನೂ ಲೆಕ್ಕಿಸದೆ ಹಾಲವ್ವನ ಹೆಗಲು ತಬ್ಬಿದಳು. "ಇವಳು ನನ್ನ ಹಾಲವ್ವ," ಎಂದು ಎಲ್ಲರಿಗೂ ಹೇಳಿದಳು. "ಇಷ್ಟು ಮನಸ್ಸಿಟ್ಟು ದುಡಿದಿದ್ದಾಳೆ, ಎಲ್ಲ ತನ್ನದೇ ಅನ್ನಿಸುತ್ತದೆ ಪಾಪ."

ಜನ ನಕ್ಕರು. ಕೆಟ್ಟ ನಗೆಯಲ್ಲ, ಮಗು ಚಂದ್ರನನ್ನು ತನ್ನದೆಂದಾಗ ನಗುವ ನಗೆ. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ವೀಡಿಯೋ ಮಾಡಿದರು.

ಹಾಲವ್ವ ಬಿಡಲಿಲ್ಲ. ಗೊತ್ತಿದ್ದಷ್ಟು ಹಿಂದಿಯಲ್ಲಿ ಒದರಿದಳು. ಇದು ಪರೇಲಿನ ಖೋಲಿ, ಮುದುಕ ಗೋಡೆಗೆ ತಲೆ ಕೊಟ್ಟು ಮಲಗುತ್ತಿದ್ದ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಇದು ಮಾಟುಂಗಾ, ಏಳೇ ಗೆರೆ, ಎಂಟನೆಯದಿಲ್ಲ. ಕೇಳಿರಿ, ನಾನು ಕಂಡದ್ದು, ನಾನು ಕೆರೆದದ್ದು.

"ಗೊತ್ತು," ಎಂದರು ಮುತ್ತಿನ ಸರದವರು, ಸ್ಟಾಲಿನಲ್ಲಿ ಹಂಚಿದ ಪುಸ್ತಿಕೆ ತಿರುವುತ್ತ. "ಕಲಾವಿದೆ ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡು, ನಾಲ್ಕನೇ ಪುಟದಲ್ಲಿ." ಹಾಲವ್ವನ ಹತ್ತಿರ ಇದ್ದ ಸಾಕ್ಷಿಯೆಲ್ಲ ಸ್ನೇಹಲ್ ಹೆಸರಿನಲ್ಲಿ ಅಚ್ಚಾಗಿತ್ತು. ಇನ್ನು ಅವಳು ಏನು ಹೇಳಿದರೂ ಪುಸ್ತಿಕೆ ಓದಿದವಳಂತೆ ಕೇಳುತ್ತಿತ್ತು.

ಹನ್ನೊಂದಕ್ಕೆ ಕಾವಲಿನವನು ಬಂದು ಹಳದಿ ಪಟ್ಟಿಯನ್ನು ಕತ್ತರಿಸಿದ. ಹಾಲವ್ವ ಹಾರ್ಬರ್ ಲೈನಿನ ಲೋಕಲ್ ಹಿಡಿದು ವಡಾಲಾದಲ್ಲಿ ಇಳಿದು ನಡೆದುಕೊಂಡು ಮನೆಗೆ ಬಂದಳು.

ವೀಡಿಯೋ ಅವಳಿಗಿಂತ ಮೊದಲೇ ಊರು ಸುತ್ತಿತ್ತು. ಸೋಮವಾರ ದಹಿಸರ್‌ನ ಒಂದು ಬಿಲ್ಡಿಂಗಿನ ಕೆಳಗೆ ಗುಂಪು ಸೇರಿದಾಗ ಸಿದ್ದರಾಮಪ್ಪ ಫೋನನ್ನು ಅವಳ ಮುಖದ ಮುಂದೆ ಹಿಡಿದ. ಪರದೆಯ ಮೇಲೆ ಅವಳದೇ ಕೈ ಎದೆ ಮುಟ್ಟಿಕೊಳ್ಳುತ್ತಿತ್ತು. ಮೈನೇ, ಮೈನೇ.

"ಇದೇನು? ಪಾರ್ಟಿ ಮುಂದ ನಾ ನಾ ಅಂತ ಎದಿ ಬಡ್ಕೊಂಡೀದಿ?"

"ಅದು ನಾ ಮಾಡಿದ್ದರೀ ಮುಕಾದಮ್ರ. ಖರೇ ನಂದು."

"ಖರೇ ಯಾರು ಕೇಳ್ಯಾರ ನಿನಗ? ಇವತ್ತು ಆಕಿ ಗ್ವಾಡಿ ನಂದಂದಿ. ನಾಳಿ ನನ್ನ ಗ್ವಾಡಿ ನಂದಂತಿ." ಅವಳ ಕೈಯಿಂದ ಗೋಡೆ ಕೆರೆಯುವ ಕಬ್ಬಿಣದ ಪಟ್ಟಿ ಕಿತ್ತುಕೊಂಡು ಇನ್ನೊಬ್ಬಳ ಕೈಗೆ ಕೊಟ್ಟ. "ನಡಿ. ಹತ್ತಬ್ಯಾಡ."

ಹಾಲವ್ವ ಹತ್ತಲಿಲ್ಲ. ಆ ವಾರ ಇನ್ನಿಬ್ಬರು ಮುಕಾದಮರನ್ನು ಕೇಳಿದಳು. ಅವರೂ ವೀಡಿಯೋ ನೋಡಿದ್ದರು. ನನ್ನದಲ್ಲ ಎಂದಾಗ ಚಿತ್ರ ಹೋಯಿತು. ನನ್ನದು ಎಂದಾಗ ಅನ್ನ ಹೋಯಿತು. ಈಗ ಖೋಲಿಯಲ್ಲಿ ಕೂತಿದ್ದಾಳೆ, ಕೆಮ್ಮು ಮಾತ್ರ ರಜೆ ತೆಗೆದುಕೊಂಡಿಲ್ಲ. ಉಳಿದ ಇಪ್ಪತ್ತನಾಲ್ಕು ಕೋಣೆಗಳನ್ನು ಕೊಳ್ಳಲು ಸ್ನೇಹಲ್ ಎರಡು ಸಲ ಆಳು ಕಳಿಸಿದ್ದಾಳೆ.

ನೀವು ಮೇಳಗಳಿಗೆ ಹೋಗುತ್ತೀರಿ, ಮನೆಗೆ ಬಣ್ಣ ಹೊಡೆಸುತ್ತೀರಿ, ಚಂದ ಕಂಡಲ್ಲಿ ನಿಂತು ಯಾರು ಮಾಡಿದ್ದು ಎಂದು ಕೇಳುತ್ತೀರಿ. ಕೇಳಿದೆವಲ್ಲ ಎಂದು ಮನಸ್ಸು ಹಗುರ ಮಾಡಿಕೊಂಡು ಮುಂದಿನ ಸ್ಟಾಲಿಗೆ ಹೋಗುತ್ತೀರಿ. ಹೋಗಬೇಡಿ. ಮೇಡಮ್ಮನ್ನೂ ಮುಕಾದಮನನ್ನೂ ಬಾಗಿಲ ಆಚೆ ನಿಲ್ಲಿಸಿ, ಕೆಲಸ ಹೋಗುವುದಿಲ್ಲ ಎಂದು ಮಾತು ಕೊಟ್ಟು, ಆ ಮಾತು ಉಳಿಸಿಕೊಂಡು, ಎರಡನೇ ಸಲ ಕೇಳಿ. ಅವಳು "ನಾನು" ಎಂದಾಗ ನಗಬೇಡಿ.